ಎಂಟನೇ ನಂಬರಿನ ವಿಮಾನ

ಹಿಂದಿನ ಕೋಣೆಯಿಂದ ಮತ್ತೆ ನಗು ಕೇಳಿಸಿತು. ಟೈಲರಮ್ಮ ಮೆಷಿನ್ನಿನ ಪೆಡಲಿನ ಮೇಲಿಂದ ಕಾಲು ತೆಗೆದಳು. ಸೂಜಿ ಕೋಟಿನ ತೋಳಿನೊಳಗೆ ಅರ್ಧ ಇಳಿದು ನಿಂತಿತು. ಗಂಡನ ನಗು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಇದು ಬೇರೆ ನಗು. ಮೂಗಿನಲ್ಲಿ ಶುರುವಾಗಿ, ತಡೆಯಲು ಹೋಗಿ, ತಡೆಯಲಾರದೆ ಸಿಡಿಯುವ ಹುಡುಗನ ನಗು. ಇಷ್ಟು ವರ್ಷ ಅವನೊಡನೆ ಸಂಸಾರ ಮಾಡಿದವಳು ಇದನ್ನು ಕೇಳಿದ್ದು ನಾದಿನಿ ಬಂದ ಮೇಲೆಯೇ.

"ಅದಲ್ಲ ಪುಟ್ಟಿ, ಕಣ್ಣು ಎಲ್ಲಿಟ್ಟಿದ್ದೀಯ? ಅದು ಬಾಲದ್ದು, ರೆಕ್ಕೇದಲ್ಲ."

"ನೀನೇ ಕೊಟ್ಟಿದ್ದಲ್ವೇನೋ ಅಣ್ಣ! ಕೊಡುವಾಗ ರೆಕ್ಕೆ, ಅಂಟಿಸಿದ ಮೇಲೆ ಬಾಲ. ಚಿಕ್ಕಂದಿನಿಂದ ನಿಂದು ಇದೇ ಆಯ್ತು."

ಅರವತ್ತು ದಾಟಿದ, ಶಾಲೆಯಲ್ಲಿ ಚಿತ್ರ ಬರೆಯುವುದನ್ನು ಕಲಿಸಿ ಕಲಿಸಿ ನಿವೃತ್ತಳಾದ ಹೆಂಗಸು ಇನ್ನೂ ಪುಟ್ಟಿ. ಟೈಲರಮ್ಮನನ್ನು ಗಂಡ ಮದುವೆಯಾದಾಗಿನಿಂದ ಕರೆದದ್ದು 'ಇವಳೇ' ಎಂದು. 'ಇವಳೇ, ಬಾಗಿಲು ಹಾಕು.' 'ಇವಳೇ, ನನ್ನ ಕನ್ನಡಕ ನೋಡಿದ್ಯಾ?' ಅದರಲ್ಲಿ ಏನೋ ಕೊರತೆಯಿದೆ ಎಂದು ಅವಳಿಗೆ ಅನ್ನಿಸಿದ್ದು ಈ ಪುಟ್ಟಿ ಎಂಬ ಕೂಗು ಮನೆಯಲ್ಲಿ ಓಡಾಡತೊಡಗಿದ ಮೇಲೆ.

ತುಟಿಯ ನಡುವೆ ಕಚ್ಚಿಕೊಂಡಿದ್ದ ಗುಂಡುಪಿನ್ನುಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿ ಎದ್ದಳು. ಹಿಂದಿನ ಕೋಣೆಯ ಬಾಗಿಲಲ್ಲಿ ನಿಂತು, "ನನ್ನ ಟೇಪು ಇಲ್ಲೇನಾದ್ರೂ ಬಿದ್ದಿದ್ಯಾ?" ಎಂದು ಕೇಳಿದಳು.

ಇಬ್ಬರೂ ತಲೆ ಎತ್ತಿದರು. ನಾದಿನಿ ಒಂದು ಕ್ಷಣ ನೋಡಿ, "ಅತ್ತಿಗೆ, ಕುತ್ತಿಗೇಲೇ ಇದೆಯಲ್ಲ," ಎಂದಳು. ಮೂಗಿನಲ್ಲಿ ಶುರುವಾದ ಆ ನಗು ಮತ್ತೆ ಸಿಡಿಯಿತು. ಟೈಲರಮ್ಮನೂ ನಕ್ಕಳು. ನಗದೆ ಬೇರೆ ದಾರಿ ಇರಲಿಲ್ಲ.

ಕೋಣೆಯಲ್ಲಿ ಅಂಟಿನ ವಾಸನೆ, ಉಜ್ಜಿದ ಮರದ ಪುಡಿ. ಕಿಟಕಿಯ ಪಕ್ಕದ ಉದ್ದ ಮೇಜಿನ ಮೇಲೆ ಬೆನ್ನುಮೂಳೆ ಕಾಣುವಂತೆ ಮಲಗಿದ್ದ ಮರದ ಮಾದರಿ ವಿಮಾನ. ಮೇಜಿನ ಈಚೆ ಗಂಡನ ಸ್ಟೂಲು. ಆಚೆ, ಬೆಳಕು ಎಡಗಡೆಯಿಂದ ಬೀಳುವ ಜಾಗದಲ್ಲಿ, ಕೈಯಿಲ್ಲದ ಮರದ ಕುರ್ಚಿ. ಅದರ ಮೇಲಿನ ದಿಂಬನ್ನು ಕೋಟಿನ ಚೂರುಗಳನ್ನೆಲ್ಲ ಕೂಡಿಸಿ ಹೊಲಿದವಳು ಟೈಲರಮ್ಮ. ಅದು ಅವಳ ಕುರ್ಚಿ. ಬಂದ ಮರುದಿನ ನಾದಿನಿ ಕೋಣೆಗೆ ಕಾಲಿಟ್ಟವಳು ಹತ್ತಿರ ಇದ್ದದ್ದಕ್ಕೆ ಅದರಲ್ಲೇ ಕುಳಿತಳು. ಕುಳಿತುಕೊಳ್ಳಬೇಡ ಎಂದು ಹೇಳುವುದು ಹೇಗೆ? ಕುರ್ಚಿಯ ಮೇಲೆ ಯಾರ ಹೆಸರೂ ಇರುವುದಿಲ್ಲ.

ಗಂಡ ಹಲ್ಲಿನ ಡಾಕ್ಟರರೊಬ್ಬರ ಕ್ಲಿನಿಕ್ಕಿನ ಹಿಂಬದಿಯ ಕೋಣೆಯಲ್ಲಿ ಹಲ್ಲಿನ ಸೆಟ್ಟು ಮಾಡುತ್ತಿದ್ದವನು. ನೆರೆಹೊರೆಯವರಿಗೆ ಅವನು ಹಲ್ಲಿನ ಮೇಸ್ತ್ರಿ. ದಿನವೆಲ್ಲ ಕಂಡವರ ಬಾಯಿಗೆ ಹಲ್ಲು ಕೂರಿಸಿ ಬಂದು, ಸಂಜೆ ಅದೇ ಸಣ್ಣ ಅರ, ಅದೇ ಚಿಮಟಗಳಿಂದ ಹಳೆಯ ಪಂದ್ಯದ ದೋಣಿಗಳನ್ನೂ ವಿಮಾನಗಳನ್ನೂ ಹತ್ತರಲ್ಲೊಂದು ಅಳತೆಗೆ ಇಳಿಸಿ ಮಾಡುತ್ತಿದ್ದ. ಮೂತಿಯೆತ್ತಿ ನೀರು ಸೀಳುತ್ತಿದ್ದ ಮೋಟಾರು ದೋಣಿಗಳು; ಒಂದರ ಮೇಲೊಂದು ರೆಕ್ಕೆ ಹೊತ್ತ, ಈಗ ಯಾವ ಆಕಾಶದಲ್ಲೂ ಕಾಣದ ವಿಮಾನಗಳು. ಮರದ ಕೆಲಸ ಅವನದು. ರೆಕ್ಕೆಗೆ ರೇಷ್ಮೆ ಹೊದಿಸುವುದು, ಎರಡು ರೆಕ್ಕೆಗಳ ನಡುವೆ ಬಿಗಿತಂತಿ ಎಳೆಯುವುದು ಅವಳದು. ತಂತಿ ಎಂದರೆ ಮೇಣ ತೀಡಿದ ರೇಷ್ಮೆ ದಾರ. ಒಂದು ಸಡಿಲವಾದರೆ ರೆಕ್ಕೆ ಜೋಲುತ್ತದೆ, ಒಂದು ಬಿಗಿಯಾದರೆ ತಿರುಚುತ್ತದೆ. ಗಂಟು ಕಣ್ಣಿಗೆ ಕಾಣಬಾರದು. ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದಲ್ಲಿ ಮಾದರಿಯ ಮುಂದೆ ಇಡುವ ಚೀಟಿಯಲ್ಲಿ ಅವನೊಬ್ಬನದೇ ಹೆಸರು ಇರುತ್ತಿತ್ತು. ಅದಕ್ಕೆ ಅವಳು ಬೇಸರ ಪಟ್ಟವಳಲ್ಲ. ಗಂಟು ಯಾರದೆಂದು ಅವನಿಗೆ ಗೊತ್ತಿತ್ತಲ್ಲ, ಸಾಕಾಗಿತ್ತು.

ನಾದಿನಿ ಬರುವಾಗ ಎರಡು ಪೆಟ್ಟಿಗೆ, ಒಂದು ಹೂಕುಂಡ ಮತ್ತು ಬಟ್ಟೆಯಲ್ಲಿ ಸುತ್ತಿದ ಒಂದು ಫೋಟೋ ತಂದಳು. ಮದುವೆಯಾಗದೆ, ದೂರದ ಊರಲ್ಲಿ ಒಂಟಿಯಾಗಿ ದುಡಿದವಳು. ಬಾಡಿಗೆ ಮನೆಯ ಮೆಟ್ಟಿಲು ಹತ್ತುವುದು ಮಂಡಿಗೆ ಆಗದೆ ಅಣ್ಣನ ಮನೆಗೆ ಬಂದಳು. ಬರಲಿ ಎಂದು ಮೊದಲು ಹೇಳಿದವಳು ಟೈಲರಮ್ಮನೇ. ಫೋಟೋದ ವಿಷಯ ಆಗ ಅವಳಿಗೆ ನೆನಪಿರಲಿಲ್ಲ.

ಅದು ಮಾವನ ಫೋಟೋ. ಮಾವ ಪ್ರಾಯದಲ್ಲಿ ಪಂದ್ಯದ ವಿಮಾನವೊಂದರ ಮೆಕ್ಯಾನಿಕ್ ಆಗಿದ್ದರು. ಚಕ್ರದ ಬದಲು ಎರಡು ಪುಟ್ಟ ದೋಣಿಗಳ ಮೇಲೆ ನಿಂತು, ನೀರಿನಿಂದಲೇ ಏಳುವ ವಿಮಾನ. ಮೈಮೇಲೆ ಅಗಲವಾಗಿ 8 ಎಂದು ಬರೆದ ನಂಬರು. ಒಂದೇ ಒಂದು ಪಂದ್ಯದಲ್ಲಿ ಹಾರಿ, ಪಂದ್ಯ ಮುಗಿಯುವ ಮೊದಲೇ ನೀರಿಗೆ ಬಿದ್ದು ಮುಳುಗಿತು. ಪೈಲಟ್ ಈಜಿ ದಡ ಸೇರಿದ, ವಿಮಾನ ಸೇರಲಿಲ್ಲ. ಉಳಿದದ್ದು ಅಂದು ಬೆಳಿಗ್ಗೆ ತೆಗೆದ ಈ ಒಂದು ಫೋಟೋ. ಮಾವ ತೀರಿಕೊಂಡಾಗ ಅವರ ಹತಾರದ ಪೆಟ್ಟಿಗೆ ಮಗನ ಪಾಲಿಗೆ, ಫೋಟೋ ಮಗಳ ಪಾಲಿಗೆ ಬಂದಿತ್ತು. ಅಷ್ಟು ವರ್ಷ ಆ ಫೋಟೋಗಾಗಿ ಮನಸ್ಸಿನಲ್ಲೇ ಚಡಪಡಿಸಿದ್ದ ಮೇಸ್ತ್ರಿ, ತಂಗಿ ಅದನ್ನು ಮೇಜಿನ ಮೇಲೆ ಬಿಚ್ಚಿದಾಗ ಅಂಗಿಯ ಅಂಚಿನಿಂದ ಕೈ ಒರೆಸಿಕೊಂಡು ಮುಟ್ಟಿದ.

"ಇದನ್ನ ಮಾಡೋಣ ಅಣ್ಣ. ನಾವಿಬ್ರೂ ಸೇರಿ. ಅಪ್ಪನ್ನೂ ಪಕ್ಕದಲ್ಲಿ ನಿಲ್ಸೋಣ."

"ಮಾಡೋಣ ಪುಟ್ಟಿ. ಇದೊಂದು ಮಾಡ್ಬಿಟ್ರೆ ಸಾಕು ನಂಗೆ." ಅವನು ಕೈಯನ್ನು ಮುಂದೆ ಚಾಚಿ ತಾನೇ ನೋಡಿಕೊಂಡ. ಬೆರಳ ತುದಿಗಳಲ್ಲಿ ಸಣ್ಣ ನಡುಕ ಆಗಲೇ ಶುರುವಾಗಿತ್ತು. "ಈ ಕೈ ಇನ್ನೆಷ್ಟು ದಿನ ಬರುತ್ತೋ."

ಟೈಲರಮ್ಮ ಅವರಿಬ್ಬರ ಭುಜದ ನಡುವಿನಿಂದ ಬಾಗಿ ನೋಡಿದಳು. ಮೂತಿ ಬಲಕ್ಕೆ ಮಾಡಿ ನಿಂತ ವಿಮಾನ. ನೋಡುವವರ ಕಡೆಗೇ ಸಾಲಾಗಿ ಚಾಚಿದ ಹೊಗೆ ಕೊಳವೆಗಳು. ಅದರ ಮುಂದೆ ಕೋಟು ತೊಟ್ಟ ಐದಾರು ಗಂಡಸರು. ಕೊನೆಯಲ್ಲಿ ನಿಂತವರು ಮಾವ.

"ಇದ್ರಲ್ಲಿ ಅಪ್ಪ ಯಾಕೋ ಅಪ್ಪನ ಹಾಗೆ ಕಾಣಲ್ಲ," ಎಂದಳು ನಾದಿನಿ. "ಚಿಕ್ಕ ವಯಸ್ಸಲ್ವಾ."

ಟೈಲರಮ್ಮ ನೋಡುತ್ತಿದ್ದದ್ದು ಮುಖವನ್ನಲ್ಲ. ಬಟ್ಟೆ ಕಂಡರೆ ಅವಳ ಕಣ್ಣು ಮೊದಲು ಹೊಲಿಗೆಗೆ ಹೋಗುತ್ತದೆ. ಮಾವನ ಕೋಟಿನಲ್ಲಿ ಬಲಗಡೆಯ ಅಂಚು ಎಡದ ಮೇಲೆ ಹಾದು ಬಂದಿತ್ತು. ಹೆಂಗಸರ ಕೋಟಿನ ಹಾಗೆ. ಪಕ್ಕದವನದೂ ಹಾಗೆಯೇ. ಅವನ ಪಕ್ಕದವನದೂ. ಎದೆಯ ಜೇಬು ಎಲ್ಲರಿಗೂ ಬಲಕ್ಕೆ. ಗಂಡಸರ ಕೋಟು ಹೊಲಿದೇ ಬದುಕಿದವಳಿಗೆ ಒಬ್ಬ ದರ್ಜಿ ತಪ್ಪಬಹುದು ಎಂದು ಗೊತ್ತು. ಐದಾರು ಜನರ ದರ್ಜಿಗಳು ಒಟ್ಟಿಗೆ ತಪ್ಪುವುದಿಲ್ಲ ಎಂದೂ ಗೊತ್ತು. ಫೋಟೋ ತೊಳೆದವನು ಗಾಜಿನ ನೆಗೆಟಿವ್ ತಟ್ಟೆಯನ್ನು ಮಗುಚಿ ಹಾಕಿ ಅಚ್ಚು ತೆಗೆದಿದ್ದಾನೆ. ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿದೆ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ. ನಂಬರು ಹೇಳಿಕೊಡುತ್ತಿತ್ತೇನೋ, ಆದರೆ ಆ 8, ಹಾಗೆ ನೋಡಿದರೂ ಹೀಗೆ ನೋಡಿದರೂ ಎಂಟೇ.

ಅವಳ ಕೈ ತಾನಾಗಿ ತನ್ನ ಅಂಗಿಯ ಗುಂಡಿಯ ಮೇಲೆ ಹೋಯಿತು.

"ಏನತ್ತಿಗೆ?" ಎಂದಳು ನಾದಿನಿ. ಅವಳು ಫೋಟೋ ಬಿಟ್ಟು ಇವಳನ್ನೇ ನೋಡುತ್ತಿದ್ದಳು.

ಮಾತು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟರಲ್ಲಿ ಗಂಡ ತಿರುಗದೆಯೇ ಹೇಳಿದ: "ಇವಳೇ, ನೀನು ಟೀ ಇಡು. ಪುಟ್ಟಿ ಅಳತೆ ತಗೊಳ್ಳಲಿ. ಬೆಳಕಿಗೆ ಅಡ್ಡ ನಿಂತ್ಕೋಬೇಡ."

"ಏನಿಲ್ಲ," ಎಂದಳು ಟೈಲರಮ್ಮ. "ಬಟ್ಟೆ ನೋಡ್ತಿದ್ದೆ. ಒಳ್ಳೇ ಉಣ್ಣೆ."

ಟೀ ಇಟ್ಟಳು. ಅದು ಕುದಿಯುವಾಗ, ಕುಡಿಯುವಾಗ ಹೇಳೋಣ ಎಂದುಕೊಂಡಳು. ಲೋಟ ತೆಗೆದುಕೊಂಡು ಹೋದಾಗ ಆ ಅಣ್ಣ ತಂಗಿ ಚಿಕ್ಕಂದಿನ ಯಾವುದೋ ತಗಡಿನ ದೋಣಿಯ ಸುದ್ದಿಯಲ್ಲಿದ್ದರು. ಲೋಟ ಯಾರು ತಂದದ್ದೆಂದು ಇಬ್ಬರೂ ನೋಡಲಿಲ್ಲ. ಸರಿ, ನಾಳೆ ಹೇಳೋಣ ಎಂದುಕೊಂಡಳು. ನಾಳೆಯ ಹೊತ್ತಿಗೆ ನಾದಿನಿ ದೊಡ್ಡ ಹಾಳೆಯ ಮೇಲೆ ನಕ್ಷೆ ಬರೆಯಲು ಕುಳಿತಿದ್ದಳು, ಆ ಕುರ್ಚಿಯಲ್ಲಿ. ಎಂಥ ಗೆರೆ! ಕೂದಲೆಳೆಯಂತೆ, ಒಂದೇ ಉಸಿರಿನಲ್ಲಿ ಎಳೆದಂತೆ. ಮೇಸ್ತ್ರಿ ಆ ಹಾಳೆಯನ್ನು ಗೋಡೆಗೆ ಅಂಟಿಸಿ ದೂರ ನಿಂತು, "ನೋಡೇ, ಇದು ಕೈ ಅಂದ್ರೆ," ಎಂದ. ಹೆಂಡತಿ ನೋಡಿದಳು. ಆ ಚಂದದ ಗೆರೆಗಳೆಲ್ಲ ಉಲ್ಟಾ ಎಂದು ಈ ಮನೆಯಲ್ಲಿ ತನಗೊಬ್ಬಳಿಗೇ ಗೊತ್ತು ಎನ್ನುವುದು ಅವಳ ದವಡೆಯಲ್ಲಿ ಕಲ್ಲುಸಕ್ಕರೆಯಂತೆ ಕುಳಿತಿತು. ಅವಳು ಅದನ್ನು ಕಡಿಯಲಿಲ್ಲ, ಉಗುಳಲೂ ಇಲ್ಲ.

ಆಮೇಲೆ ದಿನಗಳು ಹೋದವು. ಮರ ಕೊಯ್ದರು, ಉಜ್ಜಿದರು, ಮೈ ಕೂಡಿಸಿದರು, ರೆಕ್ಕೆಗೆ ರೇಷ್ಮೆಯನ್ನೂ ತಾವೇ ಹೊದಿಸಿದರು. ಟೈಲರಮ್ಮ ಮುಂದಿನ ಕೋಣೆಯಲ್ಲಿ ಮೆಷಿನ್ನು ತುಳಿಯುತ್ತ ಎಲ್ಲವನ್ನೂ ಕಿವಿಯಿಂದ ನೋಡುತ್ತಿದ್ದಳು. ಗಿರಾಕಿಗಳು ಮಾತಾಡಿಸಿದರೆ ಬಾಯಲ್ಲಿ ಪಿನ್ನು ಇಟ್ಟುಕೊಂಡು ತಲೆಯಾಡಿಸುತ್ತಿದ್ದಳು.

ಒಂದು ಮಧ್ಯಾಹ್ನ ಹೊಗೆ ಕೊಳವೆಗಳ ವಿಷಯಕ್ಕೆ ಅಣ್ಣ ತಂಗಿಯರಲ್ಲಿ ಚರ್ಚೆಯಾಯಿತು.

"ಅಪ್ಪ ಯಾವಾಗ್ಲೂ ಕೊಳವೆ ಎಡಗಡೆ ಅಂತಿದ್ರು ಅಣ್ಣ. ಅದಕ್ಕೆ ತಾಗಿ ಕೈ ಸುಟ್ಟ ಕಥೆ ಹೇಳುವಾಗೆಲ್ಲ."

"ಅಂತಿದ್ರು. ಆದ್ರೆ ಫೋಟೋದಲ್ಲಿ ಬಲಗಡೆ ಇದೆಯಲ್ಲೇ. ಮೂತಿ ಈ ಕಡೆ, ಕೊಳವೆ ನಮ್ಮ ಕಡೆ. ಕಣ್ಣಿಗೆ ಕಾಣುತ್ತೆ."

"ವಯಸ್ಸಾದ ಮೇಲೆ ಎಲ್ಲ ಕಲಸಿಹೋಗಿತ್ತೇನೋ ಪಾಪ."

"ಕಲಸೋದೇನು, ಸ್ವಲ್ಪ ಬುರುಡೆ ಬಿಡ್ತಿದ್ರು ಕೂಡ. ಪೈಲಟ್ ಕೈ ಕುಲುಕಿದ ಅಂತಿದ್ರಲ್ಲ, ಅದೂ ಹಾಗೇ ಇರ್ಬೇಕು." ಮತ್ತೆ ಆ ನಗು, ಈ ಸಲ ಇಬ್ಬರದೂ.

ಟೈಲರಮ್ಮನ ಸೂಜಿ ಬೆರಳಿಗೆ ಚುಚ್ಚಿತು. ಮಾವ ಕೊನೆಯ ಕಾಲವನ್ನು ಕಳೆದದ್ದು ಈ ಮನೆಯಲ್ಲಿ. ಸುಟ್ಟು ಮುದುಡಿದ ಅವರ ಎಡಗೈ ಬೆರಳುಗಳಿಗೆ ಬಲತೋಳಿನ ಗುಂಡಿ ಹಾಕಲು ಬರುತ್ತಿರಲಿಲ್ಲ. ದಿನಾ ಬೆಳಿಗ್ಗೆ ಮೆಷಿನ್ನಿನ ಪಕ್ಕ ಬಂದು ತೋಳು ಚಾಚಿ ನಿಲ್ಲುತ್ತಿದ್ದರು. 'ಈ ಕೈ ನನ್ನ ಮಾತು ಕೇಳಲ್ಲ ಮಗಳೇ, ನಿನ್ನ ಮಾತು ಕೇಳುತ್ತೆ.' ಮಗಳೇ ಎನ್ನುತ್ತಿದ್ದರು. ಆಗ ಈ ಪುಟ್ಟಿ ಎಲ್ಲಿದ್ದಳು? ರಜೆಗೆ ಬಂದು, ಅಪ್ಪನ ಪಕ್ಕ ಕುಳಿತು ಅವರ ಚಿತ್ರ ಬರೆದು, ರಜೆ ಮುಗಿದ ಮೇಲೆ ಹೋಗುತ್ತಿದ್ದಳು. ಈಗ ಅವರನ್ನು ಸುಳ್ಳುಗಾರ ಮಾಡಿ ನಗುತ್ತಾಳೆ. ಒಂದು ಮಾತು ಹೇಳಿದರೆ ಮಾವನ ಮಾತು ನಿಜವಾಗುತ್ತಿತ್ತು. ಟೈಲರಮ್ಮ ಬೆರಳನ್ನು ಬಾಯಲ್ಲಿಟ್ಟುಕೊಂಡು ಸುಮ್ಮನೆ ಕುಳಿತಳು. ನಗಲಿ. ಪ್ರದರ್ಶನಕ್ಕೆ ಭೂತಗನ್ನಡಿ ಬರುತ್ತಾನಲ್ಲ, ಆಗ ನಗಲಿ.

ಭೂತಗನ್ನಡಿ ಎಂದರೆ ಮಾದರಿಗಳ ಸಂಘದ ಹಿರಿಯ ತೀರ್ಪುಗಾರ. ವಿಮಾನದ ಇಂಜಿನ್ನುಗಳ ನಡುವೆಯೇ ಮುದುಕನಾದವನು. ಜೇಬಿನಿಂದ ದಪ್ಪ ಗಾಜು ತೆಗೆದು, ಪ್ರತಿ ಮಾದರಿಯ ಮೇಲೂ ಉಸಿರು ತಾಗುವಷ್ಟು ಬಾಗಿ ನೋಡುವುದರಿಂದ ಆ ಹೆಸರು. ಹೋದ ಸಲ ಒಬ್ಬರ ದೋಣಿಯ ಹಗ್ಗ ಎಡಸುತ್ತಾಗಿದೆ, ಬಲಸುತ್ತು ಆಗಬೇಕಿತ್ತು ಎಂದು ಎಲ್ಲರೆದುರು ಹೇಳಿ ಆ ಮನುಷ್ಯ ಟೀ ಕುಡಿಯದೆ ಮನೆಗೆ ಹೋಗುವಂತೆ ಮಾಡಿದ್ದ. ಮೂತಿಗೆ ಉಲ್ಟಾ ಕೆತ್ತಿದ ಪ್ರೊಪೆಲರಿನ ತಿರುಚು ಆ ಇಂಜಿನ್ನಿಗೆ ಹೊಂದುವುದಿಲ್ಲ ಎಂದು ಹೇಳಲು ಅವನಿಗೆ ಗಾಜು ಕೂಡ ಬೇಕಾಗುವುದಿಲ್ಲ. ಅವನು ಅದನ್ನು ಹೇಳುವ ದೃಶ್ಯವನ್ನು ಟೈಲರಮ್ಮ ಮೆಷಿನ್ನಿನ ಮುಂದೆ ಕುಳಿತು ಮನಸ್ಸಿನಲ್ಲೇ ಎಷ್ಟೋ ಸಲ ನೋಡಿದ್ದಳು. ಪುಟ್ಟಿಯ ಮುಖ ಕೆಂಪಾಗುತ್ತಿತ್ತು. ಅಲ್ಲಿಯವರೆಗೆ ಚೆನ್ನಾಗಿರುತ್ತಿತ್ತು. ಆಮೇಲೆ, ಬೇಡವೆಂದರೂ, ಪುಟ್ಟಿಯ ಪಕ್ಕದಲ್ಲಿ ಗಂಡನ ಮುಖ ಕಾಣುತ್ತಿತ್ತು. ಅಲ್ಲಿಗೆ ಅವಳು ಪೆಡಲು ಜೋರಾಗಿ ತುಳಿಯುತ್ತಿದ್ದಳು.

ಇಬ್ಬರೂ ಬಣ್ಣ ತರಲು ಪೇಟೆಗೆ ಹೋದ ಒಂದು ದಿನ ಅವಳು ಹಿಂದಿನ ಕೋಣೆಗೆ ಹೋಗಿ ಫೋಟೋ ತಂದಳು. ಗಿರಾಕಿಗಳು ಕೋಟು ತೊಟ್ಟು ನೋಡಿಕೊಳ್ಳುವ ನಿಲುವುಗನ್ನಡಿಯ ಮುಂದೆ ಹಿಡಿದಳು. ಕನ್ನಡಿಯೊಳಗೆ ವಿಮಾನ ಎಡಕ್ಕೆ ಮೂತಿ ತಿರುಗಿಸಿತು. ಮಾವ ಮಾವನಾದರು. ಕೂದಲ ಬೈತಲೆ ಇರಬೇಕಾದ ಕಡೆ ಬಂತು, ಒಂದು ಹುಬ್ಬು ತುಸು ಮೇಲಿರುವ ಆ ನೋಟ ಬಂತು. ಈಗ ತೋಳು ಚಾಚಿ ಮಗಳೇ ಎನ್ನುತ್ತಾರೇನೋ ಎನ್ನುವಷ್ಟು. ಅವಳು ಬಹಳ ಹೊತ್ತು ನೋಡಿದಳು. ಹೆತ್ತ ಮಕ್ಕಳಿಬ್ಬರಿಗೂ ಕಾಣದ ಮುಖ. ಬಾಗಿಲ ಸದ್ದಾದಾಗ ಫೋಟೋವನ್ನು ಇದ್ದಲ್ಲಿ ಇದ್ದ ಹಾಗೆ ಇಟ್ಟು ಬಂದಳು.

ಬಿಗಿತಂತಿಯ ಕೆಲಸ ಬಂದಾಗ ಹಿಂದಿನ ಕೋಣೆಯ ನಗು ನಿಂತಿತು. ನಾದಿನಿಯ ಗಂಟುಗಳು ಮೆಣಸಿನ ಕಾಳಿನಷ್ಟು ದಪ್ಪ ಬಂದವು. ಬಿಚ್ಚಿದಳು, ಕಟ್ಟಿದಳು. ರೆಕ್ಕೆ ಒಂದು ಮಗ್ಗುಲಿಗೆ ಸೊಟ್ಟಗಾಯಿತು. ಮೇಸ್ತ್ರಿಯ ಕೈಗಂತೂ ದಾರ ಪೋಣಿಸುವುದೇ ಆಗಲಿಲ್ಲ. ಕೊನೆಗೆ, "ಇವಳೇ, ಸ್ವಲ್ಪ ಬಾರೇ," ಎಂಬ ಕೂಗು ಬಂತು.

ಟೈಲರಮ್ಮ ಕೂಡಲೇ ಏಳಲಿಲ್ಲ. "ಕಾಲರ್ ಅರ್ಧದಲ್ಲಿದೆ," ಎಂದಳು. ಕಾಲರ್ ಮುಗಿಸಿ, ದಾರ ಕತ್ತರಿಸಿ, ಮೆಷಿನ್ನಿಗೆ ಹೊದಿಕೆ ಹಾಕಿ ಹೋದಳು.

ನಾದಿನಿ ಆಗಲೇ ಕುರ್ಚಿ ಬಿಟ್ಟು ಎದ್ದಿದ್ದಳು. "ಬನ್ನಿ ಅತ್ತಿಗೆ, ಕೂತ್ಕೊಳ್ಳಿ. ಇದು ನನ್ನ ಕೈಲಾಗೋ ಕೆಲ್ಸ ಅಲ್ಲ. ಅಣ್ಣ ಆವತ್ತಿಂದ ಹೇಳ್ತಾನೇ ಇದ್ದ, ಇವಳ ಗಂಟು ಯಾರಿಗೂ ಬರಲ್ಲ ಅಂತ. ನಾನೇ ಹಟ ಮಾಡ್ದೆ."

ಹೇಳುತ್ತಲೇ ಇದ್ದನೇ? ತನಗೆ ಹೇಳಿರಲಿಲ್ಲ. ಟೈಲರಮ್ಮ ಕುಳಿತಳು. ದಿಂಬಿನ ತಗ್ಗು ಬೇರೆಯವರ ಮೈಗೆ ಹೊಂದಿಕೊಂಡಿತ್ತು. ಮೇಣ ತೀಡಿದ ದಾರ ಬೆರಳಿಗೆ ಬಂದ ಕೂಡಲೇ ಉಳಿದದ್ದೆಲ್ಲ ಮರೆತುಹೋಯಿತು. ಆ ವಾರ ಅವಳು ಕಟ್ಟಿದ ತಂತಿಗಳಂಥವನ್ನು ಹಿಂದೆ ಎಂದೂ ಕಟ್ಟಿರಲಿಲ್ಲ. ಉಗುರಿನಿಂದ ಮೀಟಿದರೆ ಎಲ್ಲವೂ ಒಂದೇ ಸ್ವರ ಕೊಡುತ್ತಿದ್ದವು. ಮೇಸ್ತ್ರಿ ಕಿವಿಯಿಟ್ಟು ಕೇಳಿ ಅವಳ ಬೆನ್ನು ತಟ್ಟಿದ. ಈಗ ಹೇಳಬೇಕು ಎಂದು ಅವಳಿಗೆ ಆಗ ಬಲವಾಗಿ ಅನ್ನಿಸಿತು. ಆದರೆ ಈಗ ಹೇಳಿದರೆ, ಮೊದಲೇ ಯಾಕೆ ಹೇಳಲಿಲ್ಲ ಎನ್ನುವ ಪ್ರಶ್ನೆ ಬರುತ್ತದೆ. ತಂತಿ ಕಟ್ಟಿದ ಮೇಲೆ ಅವನ್ನೆಲ್ಲ ಕತ್ತರಿಸದೆ ಮೈ ಬಿಚ್ಚುವ ಹಾಗಿಲ್ಲ. ಗೊತ್ತಿದ್ದೂ ಕಟ್ಟಿದ್ದಾಳೆ.

ಮೇಜಿನ ಮೂಲೆಯಲ್ಲಿ ಪ್ರದರ್ಶನದ ಚೀಟಿ ಒಣಗುತ್ತಿತ್ತು. ನಾದಿನಿಯ ಮುತ್ತಿನಂಥ ಅಕ್ಷರ. ಅಣ್ಣನ ಹೆಸರು, ಪಕ್ಕದಲ್ಲಿ ತಂಗಿಯ ಹೆಸರು.

"ಅತ್ತಿಗೆ ಹೆಸ್ರೂ ಸೇರಿಸ್ಬೇಕು," ಎಂದಳು ನಾದಿನಿ, ಅವಳ ಕಣ್ಣು ಹೋದ ಕಡೆ ನೋಡಿ. "ಕೆಳಗೆ ಜಾಗ ಇದೆ."

"ನಂಗ್ಯಾಕಮ್ಮ," ಎಂದಳು ಟೈಲರಮ್ಮ. ಹೇಳಬೇಕೆಂಬುದು ಅಲ್ಲಿಗೆ ಹೋಯಿತು.

ಉಳಿದದ್ದು ಮಾವನ ಗೊಂಬೆ. ಹಲ್ಲಿನ ಅಚ್ಚಿಗೆ ಬಳಸುವ ಗಾರೆಯಿಂದಲೇ ಮೇಸ್ತ್ರಿ ಗೇಣುದ್ದದ ಮನುಷ್ಯನನ್ನು ಎರಕ ಹೊಯ್ದ. ಮುಖ ಬರೆಯುವುದು ಪುಟ್ಟಿ. ಕೋಟು ಹೊಲಿಯುವುದು ಇವಳೇ.

ಅಂಥ ಕೋಟನ್ನು ಅವಳು ಹೊಲಿದಿರಲಿಲ್ಲ. ದಪ್ಪ ಉಣ್ಣೆ ಅಷ್ಟು ಸಣ್ಣದಾಗಿ ಮಡಚುವುದಿಲ್ಲ, ತೆಳು ಬಟ್ಟೆ ಕೋಟಿನ ಹಾಗೆ ಬೀಳುವುದಿಲ್ಲ. ಪೆಟ್ಟಿಗೆಯ ತಳದಲ್ಲಿ ಮಾವನದೇ ಹಳೆಯ ಶಾಲಿನ ತುಂಡೊಂದು ಇತ್ತು, ಸವೆದು ಕಾಗದದಂತಾದದ್ದು. ಅದನ್ನು ಬೆರಳಗಲದ ಹಾಳೆಗಳಾಗಿ ಕತ್ತರಿಸಿದಳು. ಕಚ್ಚಾ ಹೊಲಿಗೆ ಹಾಕಿ ಗೊಂಬೆಗೆ ತೊಡಿಸಿ ನೋಡಿದಳು. ಬೆನ್ನು ತುಸು ಬಾಗಿದ ಮೈ ಅವರದು. ಹಿಂದಿನ ಉದ್ದ ಹೆಚ್ಚು ಬಿಡಬೇಕು. ಇಸ್ತ್ರಿಯ ಬದಲು ಬಿಸಿ ಚಮಚದ ಬೆನ್ನಿನಿಂದ ಕಾಲರ್ ಮಡಿಸಿದಳು. ಗುಂಡಿಗೆ ಕಪ್ಪು ದಾರದ ಗಂಟು. ಕಾಜಾಗಳಿಗೆ ಒಂದೊಂದು ಎಳೆ. ಅವಳು ಹೊಲಿಯುತ್ತ ಹಾಡಿಕೊಂಡಳು. ಆ ಎರಡು ದಿನ ಹಿಂದಿನ ಕೋಣೆಯಲ್ಲಿ ಯಾರು ನಕ್ಕರೋ, ಯಾರು ಯಾರನ್ನು ಏನೆಂದು ಕರೆದರೋ ಅವಳ ಕಿವಿಗೆ ಬೀಳಲಿಲ್ಲ.

ಮುಗಿದ ಕೋಟನ್ನು ಅಂಗೈ ಮೇಲಿಟ್ಟುಕೊಂಡು ಹೋದಳು. ನಾದಿನಿ ಆ ಕುರ್ಚಿಯಲ್ಲಿ ಕುಳಿತು, ಒಂದೇ ಕೂದಲಿನ ಕುಂಚದಿಂದ ಗೊಂಬೆಯ ಹುಬ್ಬು ತಿದ್ದುತ್ತಿದ್ದಳು. ಪಕ್ಕದಲ್ಲಿ ಫೋಟೋ.

"ಅಯ್ಯೋ ಅತ್ತಿಗೆ!" ಕುಂಚ ಕೆಳಗಿಟ್ಟಳು. "ಅಣ್ಣ, ನೋಡೋ ಇಲ್ಲಿ. ಜೇಬಿಗೆ ಮುಚ್ಚಳ ಕೂಡ ಇದೆ."

ತೊಡಿಸಿದರು. ಮೇಸ್ತ್ರಿ ಕನ್ನಡಕ ಹಣೆಗೆ ಏರಿಸಿ ನೋಡಿದ, ಇಳಿಸಿ ನೋಡಿದ. "ಇದರೊಳಗೆ ಕೈ ಹಾಕಿದ್ರೆ ಅಪ್ಪನ ನಶ್ಯದ ಡಬ್ಬಿ ಸಿಕ್ಕರೂ ಸಿಕ್ಕೀತು," ಎಂದ.

ನಾದಿನಿ ಗೊಂಬೆಯನ್ನೂ ಫೋಟೋವನ್ನೂ ಅಕ್ಕಪಕ್ಕ ಹಿಡಿದು ನೋಡಿದಳು. "ಆದ್ರೆ ಅತ್ತಿಗೆ, ಗುಂಡಿ ಆಚೆ ಕಡೆ ಆಯ್ತಲ್ಲ. ಫೋಟೋದಲ್ಲಿ ಈ ಅಂಚು ಮೇಲಿದೆ."

"ಹುಚ್ಚಿ, ಗಂಡಸರ ಕೋಟು ಹಾಗೆ ಎಲ್ಲಾದ್ರೂ ಇರುತ್ತಾ? ಎಡದ ಅಂಚೇ ಮೇಲೆ ಬರೋದು," ಎಂದಳು ಟೈಲರಮ್ಮ. ಯಾವ ಗಿರಾಕಿಗಾದರೂ ಹೇಳುವ ಹಾಗೆ, ನಗುನಗುತ್ತ.

ತಾನು ಏನು ಹೇಳಿದೆ ಎಂಬುದು ಹೇಳಿದ ಮೇಲೆ ಅವಳಿಗೆ ಕೇಳಿಸಿತು.

ಮೇಸ್ತ್ರಿ ಗೊಂಬೆ ನೋಡಿದ. ಫೋಟೋ ನೋಡಿದ. ತನ್ನ ಮೈಮೇಲಿನ ಅಂಗಿ ನೋಡಿಕೊಂಡ. ಫೋಟೋವನ್ನು ಮುಖದ ಹತ್ತಿರ ತಂದು ಒಬ್ಬೊಬ್ಬನನ್ನೇ ನೋಡುತ್ತ ಹೋದ. "ಇವನದೂ," ಎಂದ. "ಇವನದೂ." ಆಮೇಲೆ ಎದ್ದು, ಸ್ಟೂಲು ಬಿದ್ದದ್ದನ್ನು ಗಮನಿಸದೆ, ಮುಂದಿನ ಕೋಣೆಗೆ ನಡೆದ. ಹೆಂಗಸರಿಬ್ಬರೂ ಹಿಂದೆ ಹೋದರು. ಅವನು ನಿಲುವುಗನ್ನಡಿಯ ಮುಂದೆ ಫೋಟೋ ಎತ್ತಿ ಹಿಡಿದಿದ್ದ. ಕೈ ನಡುಗುತ್ತಿತ್ತು, ನಾದಿನಿ ಆ ಕೈಯನ್ನು ತನ್ನ ಕೈಯಿಂದ ಹಿಡಿದು ನಿಲ್ಲಿಸಿದಳು.

"ಅಪ್ಪ," ಎಂದಳು ಅವಳು. ಅಷ್ಟೇ.

ಅಣ್ಣ ತಂಗಿ ಕನ್ನಡಿಯ ಮುಂದೆ ತಲೆಗೆ ತಲೆ ತಾಗಿಸಿ ನಿಂತರು. ಕನ್ನಡಿಯಲ್ಲಿ ಅವರ ಎರಡು ಮುಖ, ನಡುವೆ ಆ ಸಣ್ಣ ಮುಖ. ಮೂರರಲ್ಲೂ ಒಂದೇ ಹುಬ್ಬು. ಟೈಲರಮ್ಮ ಕತ್ತರಿಸುವ ಮೇಜಿನ ಪಕ್ಕ ನಿಂತಲ್ಲೇ ನಿಂತಿದ್ದಳು. ಕನ್ನಡಿಯ ಅಂಚಿನಲ್ಲಿ ಅವಳ ಅರ್ಧ ಭುಜ, ಕುತ್ತಿಗೆಯಿಂದ ಇಳಿದ ಟೇಪು ಮಾತ್ರ ಕಾಣುತ್ತಿತ್ತು.

"ಎಡಗಡೆನೇ ಇತ್ತು," ಎಂದ ಮೇಸ್ತ್ರಿ. "ಕೊಳವೆ ಎಡಗಡೆನೇ. ನಾವು ಅವರನ್ನ..." ನಿಲ್ಲಿಸಿದ. ಕನ್ನಡಿಯಲ್ಲೇ ಹೆಂಡತಿಯನ್ನು ಹುಡುಕಿ ಕೇಳಿದ: "ನಿಂಗೆ ಇದು ಯಾವಾಗ ಗೊತ್ತಾಯ್ತೇ?"

ಬಾಯಲ್ಲಿ ಪಿನ್ನು ಇರಲಿಲ್ಲ. ಟೈಲರಮ್ಮ ತುಟಿ ತೆರೆದಳು.

"ಯಾವಾಗ ಅಂದ್ರೆ?" ಎಂದಳು ನಾದಿನಿ. "ಈಗ ತಾನೇ, ಕೋಟು ಹೊಲೀವಾಗ. ಇನ್ಯಾವಾಗ? ಅಲ್ವಾ ಅತ್ತಿಗೆ?"

ಅವಳು ತಿರುಗಿ ನೋಡಿದಳು. ಮೊದಲ ದಿನ ಫೋಟೋ ಬಿಟ್ಟು ಇವಳನ್ನೇ ನೋಡಿದ್ದಳಲ್ಲ, ಅದೇ ನೋಟ. ಅಂದು ಇವಳ ಕೈ ಹೋಗಿದ್ದ ಹಾಗೆಯೇ ನಾದಿನಿಯ ಕೈ ತನ್ನ ಅಂಗಿಯ ಗುಂಡಿಯ ಮೇಲೆ ಒಂದು ಗಳಿಗೆ ನಿಂತು ಕೆಳಗಿಳಿಯಿತು. ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಚೆನ್ನಾಗಿರುತ್ತಿತ್ತು.

"ಹೂಂ," ಎಂದಳು ಟೈಲರಮ್ಮ.

ಮೂವರೂ ಹಿಂದಿನ ಕೋಣೆಗೆ ಬಂದರು. ಮೇಸ್ತ್ರಿ ವಿಮಾನದ ಸುತ್ತ ಒಂದು ಸುತ್ತು ಬಂದ. ಕೊಳವೆಗಳು, ಪೈಲಟ್ ಹತ್ತುವ ಮೆಟ್ಟಿಲು, ಪ್ರೊಪೆಲರು. ಒಂದೊಂದನ್ನೂ ಬೆರಳಿನಿಂದ ಮುಟ್ಟುತ್ತ ಹೋದ. "ಮೈ ಬಿಚ್ಚಬೇಕು. ಕೊಳವೆಯೆಲ್ಲ ಆಚೆಗೆ. ಪ್ರೊಪೆಲರ್ ಹೊಸದಾಗಿ ಕೆತ್ತಬೇಕು. ಈ ಸಲದ ಪ್ರದರ್ಶನ ಹೋಯ್ತು."

"ಮುಂದಿನ ಸಲ ಇಡೋಣ ಬಿಡೋ," ಎಂದಳು ನಾದಿನಿ.

ಅವನು ತನ್ನ ಕೈ ನೋಡಿಕೊಂಡ.

"ಹೀಗೇ ಇಟ್ರೆ ಏನಾಗುತ್ತೆ?" ಟೈಲರಮ್ಮನ ದನಿ ಅವಳಿಗೇ ಗುರುತು ಹತ್ತಲಿಲ್ಲ. "ಭೂತಗನ್ನಡಿ ಒಬ್ಬ ಏನಾದ್ರೂ ಅಂದ್ಕೊಳ್ಳಲಿ. ಇಷ್ಟು ಚೆನ್ನಾಗಿ ಬಂದಿದೆ."

"ಅವನು ಅನ್ನೋದು ಇರ್ಲಿ. ಅಪ್ಪ ಸುಳ್ಳುಗಾರ ಆಗ್ಬಿಡ್ತಾರೆ ಕಣೇ." ಸಣ್ಣ ಕತ್ತರಿ ಎತ್ತಿಕೊಂಡವನು ಅದರ ತುದಿ ಅಲ್ಲಾಡುವುದನ್ನು ನೋಡಿ ಅವಳ ಕಡೆ ಚಾಚಿದ. "ನೀನೇ ಬಿಡಿಸು. ನಿನ್ನ ಗಂಟು ನಿಂಗೇ ಗೊತ್ತು. ನಾನು ರೆಕ್ಕೆ ಹಿಡ್ಕೊತೀನಿ."

ನಾದಿನಿ ಕುಂಚ ತೊಳೆದು ಒರೆಸಿ, ಚೀಟಿಯನ್ನು ಖಾನೆಯೊಳಗೆ ಹಾಕಿ, ಕುರ್ಚಿಯನ್ನು ಬೆಳಕಿನ ಕಡೆಗೆ ಸರಿ ಮಾಡಿದಳು.

"ಕೂತ್ಕೊಳ್ಳಿ ಅತ್ತಿಗೆ. ನಾನು ಟೀ ಇಡ್ತೀನಿ."

ಅವಳ ಹೆಜ್ಜೆ, ಒಂದು ಮಂಡಿಯ ಮೇಲೆ ಭಾರ ಹಾಕದ ಹೆಜ್ಜೆ, ಅಡುಗೆಮನೆಯತ್ತ ಹೋಯಿತು. ಪಾತ್ರೆಗೆ ನೀರು ಬೀಳುವ ಸದ್ದು ಬಂತು. ಮೇಸ್ತ್ರಿ ಎರಡೂ ಕೈಯಿಂದ ಮೇಲಿನ ರೆಕ್ಕೆಯನ್ನು ಹಿಡಿದುಕೊಂಡು ಕಾಯುತ್ತಿದ್ದ. ಟೈಲರಮ್ಮ ಕುಳಿತು ಮೊದಲ ತಂತಿಯ ಕೆಳಗೆ ಕತ್ತರಿ ತೂರಿಸಿದಳು. ಟಿಣ್ ಎಂದು ಸಣ್ಣ ಸದ್ದಾಗಿ ದಾರ ಸುರುಳಿಯಾಗಿ ಹಿಂದಕ್ಕೆ ಓಡಿತು. ಅವಳು ಎರಡನೆಯದಕ್ಕೆ ಕೈ ಹಾಕಿದಳು. ನಾದಿನಿ ಕುಳಿತಿದ್ದ ದಿಂಬು ಇನ್ನೂ ಬೆಚ್ಚಗಿತ್ತು.